ಜೀವನಾಂಶದ ಮಾತು

ಕನ್ನಡದಲ್ಲಿ ಕೆಲವು ಮಾತುಗಳಿವೆ. ಅವುಗಳ ಅರ್ಥ ಎಲ್ಲರಿಗೂ ಗೊತ್ತು, ಆದರೆ ಮನೆಯೊಳಗೆ ಯಾರೂ ಅವುಗಳನ್ನು ಗಟ್ಟಿಯಾಗಿ ಆಡುವುದಿಲ್ಲ. ಜೀವನಾಂಶವೆಂಬುದು ಅಂಥ ಒಂದು ಮಾತು. ಮದುವೆಯ ಮಾತುಕತೆಯಲ್ಲಿ ಚಿನ್ನವೆಷ್ಟು, ಛತ್ರ ಯಾವುದು, ಊಟಕ್ಕೆ ಎಷ್ಟು ಎಲೆ ಎಂದು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕುವ ನಾವು, ಆ ಮದುವೆ ಮುರಿದುಬಿದ್ದಾಗ ಲೆಕ್ಕದ ಮಾತೆತ್ತಿದರೆ ಅದು ಮರ್ಯಾದೆಗೇಡೆಂದು ಭಾವಿಸುತ್ತೇವೆ. ಈ ಹೊತ್ತು ಆ ಲೆಕ್ಕದ ವಿಷಯವನ್ನೇ ತಮ್ಮ ಮುಂದಿಡಬೇಕೆಂದಿದ್ದೇನೆ. ನಾನು ವಕೀಲನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ಆದುದರಿಂದ ಮೊದಲು ಶಬ್ದದಿಂದಲೇ ಹೊರಡುತ್ತೇನೆ.

ಜೀವನ, ಅಂಶ ಎಂಬ ಎರಡು ಪದಗಳು ಸವರ್ಣದೀರ್ಘ ಸಂಧಿಯಾಗಿ ಜೀವನಾಂಶವೆಂದಾಗಿದೆ. ಅಂಶವೆಂದರೆ ಪಾಲು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಬರುವುದು ಅಂಶ. ಬಾಗಿಲಿಗೆ ಬಂದವನಿಗೆ ಹಾಕುವುದು ಭಿಕ್ಷೆ. ಈ ಶಬ್ದವನ್ನು ಬಳಕೆಗೆ ತಂದವರು ಯಾರೋ, ಅವರಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು. ಹಾಗೆಯೇ ಭರ್ತೃ, ಭಾರ್ಯೆ ಎಂಬ ಎರಡು ಶಬ್ದಗಳೂ ಹೊರು, ಪೋಷಿಸು ಎಂಬ ಅರ್ಥದ ‘ಭೃ’ ಧಾತುವಿನಿಂದ ಹುಟ್ಟಿದವು. ಹೊರುವವನು ಭರ್ತೃ, ಹೊರಲು ತಕ್ಕವಳು ಭಾರ್ಯೆ. ಇಂದಿನ ಹೆಣ್ಣುಮಕ್ಕಳಿಗೆ ಈ ವ್ಯುತ್ಪತ್ತಿ ಹಿಡಿಸಲಾರದು. ಬೆಳಗಿನ ಮೆಟ್ರೋದಲ್ಲಿ ವಿಜಯನಗರದ ನಿಲ್ದಾಣದಿಂದ ಕೆಲಸಕ್ಕೆ ಹೋಗುವವರನ್ನು ನೋಡಿದರೆ, ಎಷ್ಟು ಮನೆಗಳಲ್ಲಿ ಭಾರ್ಯೆಯೇ ಭರ್ತೃವಾಗಿದ್ದಾಳೋ ಎಂದು ಸಂಶಯ ಬರುತ್ತದೆ. ಅದಿರಲಿ.

ಗಂಡ ಬಿಟ್ಟ ಹೆಂಡತಿಗೆ ಗಂಡನಿಂದ ಹಣ ಕೊಡಿಸುವುದು ಇಂಗ್ಲಿಷರು ತಂದ ಪದ್ಧತಿಯೆಂದು ತಿಳಿದವರು ಬಹಳ ಜನ. ಇದು ಸರಿಯಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ಮೊದಲನೆಯ ಅಧ್ಯಾಯವಾದ ಆಚಾರಾಧ್ಯಾಯದಲ್ಲಿ ಒಂದು ವಿಧಿಯಿದೆ. ಮಾತು ಕೇಳುವ, ಕೆಲಸಬಲ್ಲ, ಮಕ್ಕಳನ್ನು ಹೆತ್ತ, ಒಳ್ಳೆಯ ಮಾತನಾಡುವ ಹೆಂಡತಿಯನ್ನು ಬಿಟ್ಟವನಿಂದ ಅವನ ಸ್ವತ್ತಿನ ಮೂರನೆಯ ಒಂದು ಪಾಲನ್ನು ಅವಳಿಗೆ ಕೊಡಿಸಬೇಕು. ಸ್ವತ್ತಿಲ್ಲದವನಾದರೆ ಅನ್ನ ಬಟ್ಟೆಯನ್ನಾದರೂ ಕೊಡಿಸಬೇಕು. ‘ಕೊಡಬೇಕು’ ಎಂದಲ್ಲ, ‘ಕೊಡಿಸಬೇಕು’ ಎಂದೇ ಅಲ್ಲಿರುವುದು. ಎಂದರೆ ಗಂಡನ ಒಳ್ಳೆಯತನಕ್ಕೆ ಅದನ್ನು ಬಿಟ್ಟಿಲ್ಲ, ರಾಜನು ವಸೂಲು ಮಾಡತಕ್ಕದ್ದು. ಇನ್ನು ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದು ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಶತಮಾನಗಳ ಕಾಲ ಆಧಾರವಾದ ವಿಜ್ಞಾನೇಶ್ವರನು ನಮ್ಮವನೇ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ ಇದ್ದವನು. ಸ್ತ್ರೀಧನವೆಂದರೆ ತವರಿನವರು ಕೊಟ್ಟ ಒಡವೆ ವಸ್ತ್ರ ಮಾತ್ರವೇ ಎಂಬ ಚರ್ಚೆ ಬಂದಾಗ, ಅವಳು ಕೊಂಡದ್ದು, ಅವಳಿಗೆ ಪಾಲಿನಿಂದ ಬಂದದ್ದು ಎಲ್ಲವೂ ಸ್ತ್ರೀಧನವೇ ಎಂದು ಅರ್ಥವನ್ನು ವಿಸ್ತರಿಸಿದವನು ಆತ.

ಅರ್ಥಶಾಸ್ತ್ರವೂ ಮೈಸೂರಿನ ಮೂಲಕವೇ ಲೋಕಕ್ಕೆ ಸಿಕ್ಕಿತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಓಲೆಯ ಕಟ್ಟಿನಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಕೌಟಿಲ್ಯನು ಈ ಭರಣದ ವಿಚಾರಕ್ಕೆ ಪ್ರತ್ಯೇಕವಾಗಿ ಕೆಲವು ಸೂತ್ರಗಳನ್ನೇ ಮೀಸಲಿಟ್ಟಿದ್ದಾನೆ. ಎಷ್ಟು ಕಾಲವೆಂದು ಗೊತ್ತುಮಾಡದಿದ್ದರೆ ಅನ್ನ ಬಟ್ಟೆ, ಅಥವಾ ಗಂಡನ ಅಂತಸ್ತಿಗೆ ತಕ್ಕಂತೆ ಅದಕ್ಕಿಂತ ಹೆಚ್ಚು; ಕಾಲವನ್ನು ಗೊತ್ತುಮಾಡಿದ್ದರೆ ಅಷ್ಟನ್ನು ಲೆಕ್ಕಹಾಕಿ ಕೊಡಬೇಕು, ಅದಕ್ಕೆ ಆಧಾರವನ್ನೂ ಒದಗಿಸಬೇಕು. ತಿಂಗಳು ತಿಂಗಳು ಕೊಡುವುದೋ ಒಟ್ಟಿಗೆ ಕೊಟ್ಟು ಮುಗಿಸುವುದೋ ಎಂದು ಇಂದು ನ್ಯಾಯಾಲಯದ ಪಡಸಾಲೆಯಲ್ಲಿ ವಕೀಲರು ನಡೆಸುವ ಮಾತುಕತೆಯೇ ಬೇರೆ ಉಡುಪಿನಲ್ಲಿ ಅಲ್ಲಿ ನಿಂತಿದೆ.

ಹತ್ತನೆಯ ತರಗತಿಯ ಹುಡುಗರಿಗೆ ನಳನ ಕಥೆ ಹೇಳುವಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ರಾಜ್ಯ ಕಳೆದುಕೊಂಡ ನಳನ ಬಳಿ ಕಾಡಿನಲ್ಲಿ ಉಳಿದದ್ದು, ಗಂಡಹೆಂಡಿರಿಬ್ಬರೂ ಹೊದ್ದ ಒಂದೇ ಬಟ್ಟೆ. ಮಲಗಿದ್ದ ದಮಯಂತಿಯನ್ನು ಬಿಟ್ಟು ಹೋಗುವಾಗ ಅವನು ಅದರಲ್ಲಿ ಅರ್ಧವನ್ನು ಅವಳಿಗೆ ಬಿಟ್ಟು ಹೋದ. ಬಿಟ್ಟು ಹೋದದ್ದು ದೊಡ್ಡ ತಪ್ಪೇ. ಆದರೂ ಅವನು ಕೊಟ್ಟ ಪ್ರಮಾಣವನ್ನು ಗಮನಿಸಬೇಕು. 2017ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ ಗಂಡನ ಕೈಗೆ ಬರುವ ಸಂಬಳದ ನೂರಕ್ಕೆ 25 ಭಾಗ ನ್ಯಾಯವಾದ ಜೀವನಾಂಶವಾಗಬಹುದೆಂದು ಹೇಳಿತು. ಸ್ಮೃತಿಕಾರ ಮೂರರಲ್ಲೊಂದು ಎಂದ, ಕೋರ್ಟು ನಾಲ್ಕರಲ್ಲೊಂದು ಎಂದಿತು, ಜೂಜುಗಾರ ನಳ ಎರಡರಲ್ಲೊಂದು ಕೊಟ್ಟ. ಈ ಕಾಲುಭಾಗವೂ ಕಡ್ಡಾಯದ ಸೂತ್ರವಲ್ಲ. ಪ್ರತಿ ಸಂಸಾರದ ಸ್ಥಿತಿ ನೋಡಿ ನ್ಯಾಯಾಧೀಶರು ನಿರ್ಧರಿಸತಕ್ಕದ್ದು.

ಹೊಸ ಕಾಲದ ಕಾಯಿದೆಯ ಚರಿತ್ರೆಯನ್ನು ನೋಡಿದರೆ ಅದು ಮೊತ್ತದ ಚರಿತ್ರೆಯೇ ಆಗಿದೆ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮು ಹೆಂಡತಿ ಮಕ್ಕಳನ್ನು ಸಾಕದವನಿಂದ ತಿಂಗಳಿಗೆ 50 ರೂಪಾಯಿ ಮೀರದಂತೆ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟಿತು. 1923ರಲ್ಲಿ ಅದು 100 ಆಯಿತು, 1955ರಲ್ಲಿ 500 ಆಯಿತು. 1973ರಲ್ಲಿ ಹೊಸ ಸಂಹಿತೆ ಬಂದು 488 ಹೋಗಿ 125 ಆಯಿತು. ಆಗ ಒಂದು ದೊಡ್ಡ ಬದಲಾವಣೆಯೇನೋ ಆಯಿತು: ವಿಚ್ಛೇದನ ಪಡೆದು ಮರುಮದುವೆಯಾಗದ ಹೆಂಗಸನ್ನೂ ‘ಹೆಂಡತಿ’ ಎಂಬ ಶಬ್ದದೊಳಗೆ ಸೇರಿಸಿದರು. ಅಲ್ಲಿಯವರೆಗೆ ವಿಚ್ಛೇದನವೊಂದನ್ನು ಎಸೆದರೆ ಗಂಡ ಈ ಕಲಮಿನಿಂದ ಪಾರಾಗಬಹುದಾಗಿತ್ತು. ಆದರೆ 500ರ ಮಿತಿ ಮಾತ್ರ ಅಲುಗಲಿಲ್ಲ. 1955ರಲ್ಲಿ ಅದು ದೊಡ್ಡ ಸಂಬಳವಾಗಿತ್ತು. 2000ದ ಇಸವಿಯಲ್ಲಿ ಅದರಲ್ಲಿ ಒಂದು ತಿಂಗಳ ಹಾಲಿನ ಬಾಬತ್ತು ತೀರಿದರೆ ಹೆಚ್ಚು. 2001ರಲ್ಲಿ ತಿದ್ದುಪಡಿಯಾಗಿ ಮಿತಿ ಹೋಯಿತು. ನಲವತ್ತಾರು ವರ್ಷ ಒಂದೇ ಅಂಕಿ! ಈಗ 2024ರ ಜುಲೈ 1ರಿಂದ ಆ ಸಂಹಿತೆಯೂ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 125 ಎಂದು ಎಲ್ಲರ ಬಾಯಲ್ಲಿದ್ದದ್ದು ಈಗ 144ನೆಯ ಕಲಮು.

ಇದರ ಜೊತೆಗೆ 1955ರ ಹಿಂದೂ ವಿವಾಹ ಕಾಯಿದೆ, 1956ರ ದತ್ತಕ ಮತ್ತು ಜೀವನಾಂಶ ಕಾಯಿದೆ, 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾಯಿದೆ ಇವೆಲ್ಲ ಬೇರೆ ಬೇರೆ ಬಾಗಿಲುಗಳು. ಹಳೆಯ ಮೈಸೂರು ಸಂಸ್ಥಾನವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ವಿಭಾಗದಲ್ಲಿ ಪಾಲು ಕೊಟ್ಟಿದ್ದರು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯ ಆಸ್ತಿಹಕ್ಕಿನ ಕಾಯಿದೆ ಬಂದದ್ದು ಅದಾದ ನಾಲ್ಕು ವರ್ಷಕ್ಕೆ.

ಇಷ್ಟು ಕಾಯಿದೆಗಳಿದ್ದೂ ಜೀವನಾಂಶ ಏಕೆ ಜಗಳದ ಮಾತಾಗಿಯೇ ಉಳಿದಿದೆ? ಇದಕ್ಕೆ ಉತ್ತರ ಕಾಯಿದೆಯಲ್ಲಿಲ್ಲ, ನಮ್ಮ ಬಡಾವಣೆಗಳ ಬಾಡಿಗೆ ಚೀಟಿಯಲ್ಲಿದೆ. ರಾಜಾಜಿನಗರ ಕಾರ್ಖಾನೆಗಳ ಜೊತೆಗೆ ಬೆಳೆದ ಬಡಾವಣೆ. ವಿಜಯನಗರ, ಬಸವೇಶ್ವರನಗರಗಳು ಸರ್ಕಾರಿ ನೌಕರರೂ ಸಣ್ಣ ವ್ಯಾಪಾರಿಗಳೂ ಸಾಲಸೋಲ ಮಾಡಿ ನಿವೇಶನ ಕೊಂಡು ನೆಲೆನಿಂತ ಜಾಗ. ಕೆಂಗೇರಿಯ ಆಚೆಗೆ ಈಗ ಹೊಸ ಮನೆಗಳ ಸಾಲು. ಇಲ್ಲಿಯ ಸಂಸಾರಗಳು ಒಂದು ಸಂಬಳವನ್ನೋ ಒಂದೂವರೆ ಸಂಬಳವನ್ನೋ ನಂಬಿ ಒಂದು ಸೂರಿನಡಿ ನಡೆಯುವಂಥವು. ಅದೇ ಸಂಸಾರ ಎರಡಾದಾಗ ಸಂಬಳ ಎರಡಾಗುವುದಿಲ್ಲ. ಮುಂಗಡ ಎರಡು, ಬಾಡಿಗೆ ಎರಡು, ಗ್ಯಾಸು ಎರಡು, ಮಗುವಿನ ಶಾಲೆಯ ಫೀಜು ಮಾತ್ರ ಒಂದು, ಅದನ್ನು ಯಾರು ಕಟ್ಟಬೇಕೆಂಬುದೇ ವ್ಯಾಜ್ಯ. ಮನೆಯ ಸಾಲದ ಕಂತು ಕಟ್ಟಿ ಕೈಯಲ್ಲಿ ಉಳಿದದ್ದರಲ್ಲಿ ಕೊಡಬೇಕಾದ ಗಂಡನ ಕಷ್ಟವನ್ನೂ ನಾನು ಕಂಡಿಲ್ಲವೆಂದಲ್ಲ. ಆದರೆ ಒಂದು ಮಾತು: ಕಂತು ಕಟ್ಟಿದ ಮನೆ ಅವನ ಹೆಸರಿನಲ್ಲಿ ಉಳಿಯುತ್ತದೆ; ಹತ್ತು ವರ್ಷ ಆ ಮನೆಯಲ್ಲಿ ಅಡಿಗೆ ಮಾಡಿದವಳ ಹೆಸರಿನಲ್ಲಿ ಏನೂ ಉಳಿದಿರುವುದಿಲ್ಲ.

ಜೂನ್ ತಿಂಗಳಲ್ಲಿ ಶಾಲೆಗೆ ಮಕ್ಕಳನ್ನು ಸೇರಿಸಲು ಬರುವ ತಾಯಂದಿರನ್ನು ಪ್ರತಿ ವರ್ಷ ನೋಡುತ್ತೇನೆ. ಅರ್ಜಿಯಲ್ಲಿ ‘ತಂದೆಯ ವರಮಾನ’ ಎಂಬ ಕಡೆಗೆ ಬಂದಾಗ ಲೇಖನಿ ನಿಲ್ಲುತ್ತದೆ. ‘ಅವರು ಕೊಡೋದಿಲ್ಲ ಸಾರ್, ನಾವೂ ಕೇಳಿಲ್ಲ’ ಎನ್ನುತ್ತಾರೆ. ಏಕೆ ಕೇಳಲಿಲ್ಲವೆಂದರೆ ಉತ್ತರ ಬಹುಮಟ್ಟಿಗೆ ಒಂದೇ: ನಮ್ಮಪ್ಪ ಬೇಡ ಅಂದರು. ಈ ‘ಅವನ ಕಾಸು ನಮಗೆ ಬೇಡ’ ಎಂಬ ಮಾತಿಗೆ ನಮ್ಮ ಕಡೆ ಬಹಳ ಗೌರವವಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಯಲ್ಲಿ ‘ಅರ್ಜಿದಾರಳು ಯಾವುದೇ ಜೀವನಾಂಶವನ್ನು ಕೇಳುವುದಿಲ್ಲ’ ಎಂದು ಒಂದು ಸಾಲು ಬರೆದು ರುಜು ಮಾಡುವಾಗ ತವರಿನವರು ತಲೆಯೆತ್ತಿ ನಿಂತಿರುತ್ತಾರೆ. ಆ ದಿನ ತಂದೆಗೆ ಐವತ್ತೈದು ವಯಸ್ಸು, ಸಂಬಳ ಬರುತ್ತಿದೆ, ಮೊಮ್ಮಗು ಅಂಗನವಾಡಿಯಲ್ಲಿದೆ. ಹತ್ತು ವರ್ಷ ಕಳೆದ ಮೇಲೆ ತಂದೆಗೆ ನಿವೃತ್ತಿವೇತನ, ಅಣ್ಣನಿಗೆ ಅವನದೇ ಸಂಸಾರ, ಮೊಮ್ಮಗುವಿಗೆ ಕಾಲೇಜಿನ ಫೀಜು. ಸ್ವಾಭಿಮಾನ ತಂದೆಯದು, ಅದರ ಕಂತು ಕಟ್ಟುವವಳು ಮಗಳು. ನನ್ನ ಅಭಿಪ್ರಾಯ ಕೆಲವರಿಗೆ ಕಟುವೆನಿಸಬಹುದು. ಮಗುವಿರುವ ಹೆಣ್ಣಿನಿಂದ ಇಂಥ ಸಾಲಿಗೆ ರುಜು ಮಾಡಿಸುವುದು ಸ್ವಾಭಿಮಾನವಲ್ಲ.

ಆದರೆ ರುಜು ಮಾಡಿಯಾದವರು ಎಲ್ಲವೂ ಮುಗಿಯಿತೆಂದು ಕೈಬಿಡಬೇಕಾಗಿಲ್ಲ. ತಾನಾಗಿ ಒಪ್ಪಿ ಬೇರೆ ವಾಸಮಾಡುವ ಹೆಂಡತಿಗೆ 125ರ ಕೆಳಗೆ ಜೀವನಾಂಶವಿಲ್ಲವೆಂಬ ಒಂದು ಉಪಕಲಮಿತ್ತು. ಅದು 144ರಲ್ಲಿಯೂ ಇದೆ. ಇದನ್ನೇ ಹಿಡಿದು, ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದವಳಿಗೂ ಏನೂ ಇಲ್ಲವೆಂದು ವಾದಿಸುತ್ತಿದ್ದರು. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಮದುವೆ ಉಳಿದಿರುವಾಗ ಒಪ್ಪಿ ಬೇರೆಯಿರುವುದು ಬೇರೆ, ಮದುವೆಯೇ ಮುಗಿದ ಮೇಲೆ ಬೇರೆಯಿರುವುದು ಬೇರೆ. ಮದುವೆ ಮುಗಿದವರು ಬೇರೆಯಲ್ಲದೆ ಇನ್ನೆಲ್ಲಿ ಇರಬೇಕು? ಇನ್ನು ಮಗುವಿನ ಜೀವನಾಂಶ ಮಗುವಿನದೇ ಹಕ್ಕು. ತಾಯಿ ತನ್ನದನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಮಗುವಿನದು ಹೋಗುವುದಿಲ್ಲ.

ಬೆಂಗಳೂರಿನದೇ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಸಲ್ಮಾನ ದಂಪತಿಗಳು, 1991ರಲ್ಲಿ ಮದುವೆ, ಕೆಲವೇ ತಿಂಗಳಲ್ಲಿ ತಲಾಖ್. ಮೆಹರ್ 5,000 ರೂಪಾಯಿ, ಇದ್ದತ್ ಕಾಲಕ್ಕೆಂದು 900 ರೂಪಾಯಿ ಕೊಟ್ಟು ಗಂಡ ಲೆಕ್ಕ ಚುಕ್ತಾ ಮಾಡಿದ. 2002ರಲ್ಲಿ ಆಕೆ ಜೀವನಾಂಶಕ್ಕೆ ದಾವೆ ಹೂಡಿದಳು. ಕುಟುಂಬ ನ್ಯಾಯಾಲಯದ ತೀರ್ಪು 2011ರಲ್ಲಿ ಬಂದಿತು: ದಾವೆ ಹೂಡಿದ ದಿನದಿಂದ ತಿಂಗಳಿಗೆ 3,000 ರೂಪಾಯಿ. ಹಣ ಬರಲಿಲ್ಲ. ಬಾಕಿಗಾಗಿ ಆತ ಸಿವಿಲ್ ಸೆರೆಮನೆಯನ್ನೂ ಕಂಡ. ತಾನು ಮತ್ತೆ ಮದುವೆಯಾಗಿದ್ದೇನೆ, ಮಗುವಿದೆ, ಮೊದಲಿನವಳಿಗೆ ಕೊಡಬೇಕಾದ್ದೇನೂ ಇಲ್ಲ ಎಂದು ಉಚ್ಚ ನ್ಯಾಯಾಲಯಕ್ಕೆ ಹೋದ. 2021ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಅವನ ಅರ್ಜಿಯನ್ನು 25,000 ರೂಪಾಯಿ ಖರ್ಚು ಹೇರಿ ವಜಾ ಮಾಡಿದರು. ನಿಕಾಹ್ ಒಂದು ಕರಾರೆಂಬುದು ನಿಜವೇ. ಆದರೂ ಅದು ಮುರಿದ ಮೇಲೆ ಕೆಲವು ಹೊಣೆಗಳು ಉಳಿದುಕೊಳ್ಳುತ್ತವೆ, ದಿಕ್ಕಿಲ್ಲದ ಮಾಜಿ ಹೆಂಡತಿಯ ಪೋಷಣೆ ಅವುಗಳಲ್ಲೊಂದು ಎಂಬುದು ಆ ತೀರ್ಪಿನ ಸಾರ. ಮದುವೆ ನಡೆದದ್ದು ಕೆಲವು ತಿಂಗಳು, ಆ ವ್ಯಾಜ್ಯ ನಡೆದದ್ದು ಹತ್ತೊಂಬತ್ತು ವರ್ಷ; ತಿಂಗಳಿಗೆ 3,000 ರೂಪಾಯಿಗಾಗಿ. ಹುಡುಗಿಯಾಗಿ ಮದುವೆಯಾದವಳು ನಡುವಯಸ್ಸು ದಾಟಿದಳು. 1985ರ ಶಾ ಬಾನೋ ಪ್ರಕರಣದಿಂದ ಎದ್ದ ಗದ್ದಲ ತಮಗೆಲ್ಲ ಗೊತ್ತಿದೆ. ಧರ್ಮ ಯಾವುದಾದರೂ ವಿಚ್ಛೇದಿತ ಪತ್ನಿ ಈ ಕಲಮಿನ ಕೆಳಗೆ ಕೇಳಬಹುದೆಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟು ಮತ್ತೊಮ್ಮೆ ಸ್ಪಷ್ಟಪಡಿಸಿತು. ಕ್ರೈಸ್ತರ 1869ರ ಕಾಯಿದೆಯಲ್ಲಿ ದಾವೆ ನಡೆಯುವ ಕಾಲದ ಜೀವನಾಂಶ ಗಂಡನ ವರಮಾನದ ಐದರಲ್ಲೊಂದನ್ನು ಮೀರಬಾರದೆಂಬ ಕಟ್ಟಿತ್ತು. ಅದೂ 2001ರಲ್ಲಿ ಹೋಯಿತು.

ಇಂಥ ಮೂರು ಸಾವಿರದ ಕಥೆಗಳನ್ನು ಯಾರೂ ಹಂಚಿಕೊಳ್ಳುವುದಿಲ್ಲ. 2024ರ ಆಗಸ್ಟಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದಲ್ಲಿ ಒಬ್ಬಾಕೆಯ ಪರವಾಗಿ ತಿಂಗಳಿಗೆ 6,16,300 ರೂಪಾಯಿ ಬೇಕೆಂದು ಕೇಳಿದಾಗ, ಅಷ್ಟು ಖರ್ಚು ಮಾಡಬೇಕೆನ್ನುವವರು ಸಂಪಾದಿಸಲಿ ಎಂದು ನ್ಯಾಯಮೂರ್ತಿ ಲಲಿತಾ ಕನ್ನೆಗಂಟಿಯವರು ಹೇಳಿದ ದೃಶ್ಯ ಮಾತ್ರ ಎಲ್ಲರ ಮೊಬೈಲಿನಲ್ಲಿ ಹರಿದಾಡಿತು. ನಮ್ಮ ಸ್ಟಾಫ್ ರೂಮಿನಲ್ಲೂ ಒಂದು ವಾರ ಅದೇ ಮಾತು. ‘ನೋಡಿ ಮೇಷ್ಟ್ರೆ, ಹೆಣ್ಣುಮಕ್ಕಳು ಹೀಗೆ’ ಎಂದರು. ಆ ಕೋರಿಕೆಯನ್ನು ನ್ಯಾಯಮೂರ್ತಿಗಳು ಅಲ್ಲೇ ತರಾಟೆಗೆ ತೆಗೆದುಕೊಂಡರಲ್ಲ, ಎಂದರೆ ತಕ್ಕಡಿ ಸರಿಯಾಗಿಯೇ ಇದೆಯೆಂದಾಯಿತಲ್ಲವೆ?

ಗಂಡಸೂ ಕೇಳಬಹುದೆ ಎಂದು ಕೆಲವರು ಹಾಸ್ಯಕ್ಕೆ ಕೇಳುತ್ತಾರೆ. ಹಿಂದೂ ವಿವಾಹ ಕಾಯಿದೆಯ 24 ಮತ್ತು 25ನೆಯ ಕಲಮುಗಳಲ್ಲಿ ಗಂಡ ಹೆಂಡತಿ ಇಬ್ಬರಲ್ಲಿ ಯಾರು ಬೇಕಾದರೂ ಕೇಳಬಹುದು. ಆದರೆ ಕೈಕಾಲು ಗಟ್ಟಿಯಿರುವ ಗಂಡನೊಬ್ಬ ಕೆಲಸ ಹೋಯಿತೆಂದು ಹೆಂಡತಿಯಿಂದ ಕೇಳಿದಾಗ, ಅದು ಸೋಮಾರಿತನಕ್ಕೆ ಇಂಬು ಕೊಟ್ಟಂತಾದೀತೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2023ರಲ್ಲಿ ನಿರಾಕರಿಸಿತು. ಓದಿದ ಹೆಂಡತಿ ದುಡಿಯಬಾರದೆ ಎಂಬ ಪ್ರಶ್ನೆಗೂ 2024ರಲ್ಲಿ ಅದೇ ನ್ಯಾಯಾಲಯದಿಂದ ಒಂದು ಉತ್ತರ ಬಂದಿದೆ: ಮಕ್ಕಳನ್ನು ನೋಡಿಕೊಳ್ಳುವ ತಾಯಿ ಸುಮ್ಮನೆ ಕೂತವಳಲ್ಲ, ಅದು ಹಗಲು ರಾತ್ರಿಯ ಕೆಲಸ ಎಂದು ಹೇಳಿ 18,000 ರೂಪಾಯಿಯನ್ನು 36,000ಕ್ಕೆ ಏರಿಸಿದರು. ಮಕ್ಕಳ ಹೋಂವರ್ಕು ಯಾರು ಮಾಡಿಸುತ್ತಾರೆಂಬುದನ್ನು ಬಲ್ಲ ಯಾವ ಮೇಷ್ಟ್ರೂ ಇದಕ್ಕೆ ಆಕ್ಷೇಪಣೆ ಹೇಳಲಾರ.

ಇನ್ನು ಕೆಲವು ಉಪಯೋಗದ ಮಾತು. ಗಂಡನ ಸಂಬಳವೆಷ್ಟೆಂದು ಎಷ್ಟೋ ಹೆಂಗಸರಿಗೆ ಗೊತ್ತಿರುವುದಿಲ್ಲ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು, ಜೀವನಾಂಶದ ಮೊಕದ್ದಮೆಯಲ್ಲಿ ಇಬ್ಬರೂ ತಮ್ಮ ಆಸ್ತಿ, ವರಮಾನ, ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಒಪ್ಪಿಸಲೇಬೇಕೆಂದೂ, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕೆಂದೂ ಆದೇಶಿಸಿತು. ಅರ್ಜಿಯನ್ನು ತಾನು ವಾಸವಿರುವ ಕಡೆಯೇ ಹಾಕಬಹುದು; ಗಂಡನ ಊರಿಗೆ ಅಲೆಯಬೇಕಾಗಿಲ್ಲ. ಬೆಂಗಳೂರಿನವರಿಗೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕುಟುಂಬ ನ್ಯಾಯಾಲಯವೂ ಸಂಧಾನ ಕೇಂದ್ರವೂ ಇವೆ. ತೀರ್ಪು ಬರುವವರೆಗೆ ಮಧ್ಯಂತರ ಜೀವನಾಂಶ ಕೇಳಬೇಕು. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ 60 ದಿನದೊಳಗೆ ಸಾಧ್ಯವಾದಷ್ಟೂ ಅದನ್ನು ಇತ್ಯರ್ಥ ಮಾಡಬೇಕೆಂದು ಕಾಯಿದೆಯೇ ಹೇಳುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ, ಹೆಂಗಸರಿಗೂ ಮಕ್ಕಳಿಗೂ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ; 15100ಕ್ಕೆ ದೂರವಾಣಿ ಮಾಡಿದರೆ ದಾರಿ ತೋರಿಸುತ್ತಾರೆ.

ಕೊನೆಯದಾಗಿ, ಆದೇಶವಾದ ಮೇಲೆ ಹಣ ಬಾರದಿದ್ದರೆ ಏನು ಮಾಡಬೇಕೆಂಬುದು. 144ರ ಕೆಳಗೆ ಆದ ಆದೇಶದ ಬಾಕಿಗೆ, ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ‘ಮುಂದಿನ ತಿಂಗಳು ಕೊಡುತ್ತಾನಂತೆ’ ಎಂದು ಹಬ್ಬದಿಂದ ಹಬ್ಬಕ್ಕೆ ಕಾದು ಕುಳಿತರೆ ಹಳೆಯ ಬಾಕಿ ಈ ದಾರಿಯಲ್ಲಿ ಕೈತಪ್ಪಿ ಹೋಗುತ್ತದೆ. ಕೊಡದವನನ್ನು ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆಯಲ್ಲಿಡಬಹುದು. ಸೆರೆಮನೆಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರಿತೆಂದಲ್ಲ ಎಂದು 1988ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಹಣ ಬಂದ ತಿಂಗಳು, ಬಾರದ ತಿಂಗಳು ಎರಡನ್ನೂ ತಾರೀಖಿನೊಡನೆ ಒಂದು ನೂರು ಪುಟದ ನೋಟು ಪುಸ್ತಕದಲ್ಲಿ ಬರೆದಿಡಬೇಕು, ಬ್ಯಾಂಕಿನ ಪಾಸುಪುಸ್ತಕವನ್ನು ತಿಂಗಳಿಗೊಮ್ಮೆ ಅಚ್ಚು ಹಾಕಿಸಬೇಕು, ಹನ್ನೊಂದನೆಯ ತಿಂಗಳು ತುಂಬುವುದರೊಳಗೆ ವಕೀಲರನ್ನು ಕಾಣಬೇಕು.